ಜೀನಿನ ಮೇಲಣ ಕಾಡುಗುಲಾಬಿ

ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ಸೀಮೆಯ ದನಗಾಹಿಗಳಲ್ಲಿ ಹಿಂದೆ ಒಂದು ನುಡಿಗಟ್ಟು ಬಳಕೆಯಲ್ಲಿದ್ದಿತು. ಒಬ್ಬನು ಸರ್ವಸ್ವವನ್ನೂ ಕಳೆದುಕೊಂಡು ಇನ್ನು ತಲೆಯೆತ್ತಲಾರನೆಂದು ಹೇಳಬೇಕಾದರೆ, ಅವನು ಜೀನು ಮಾರಿಕೊಂಡನು ಎಂದಿಷ್ಟೇ ಹೇಳುತ್ತಿದ್ದರು. ನಮ್ಮಲ್ಲಿ ಮನೆಮಠ ಮಾರಿಕೊಂಡನೆನ್ನುವ ಹಾಗೆ. ಈ ಮಾತಿನ ಹಿಂದೆ ಒಂದು ಕಟುವಾದ ಲೆಕ್ಕವಿದೆ. ದನಗಾಹಿಗೆ ಮನೆಯಿರಲಿಲ್ಲ, ನೆಲವಿರಲಿಲ್ಲ. ಅವನು ಕಾಯುತ್ತಿದ್ದ ದನಗಳು ಒಡೆಯನವು. ಅವನು ಏರುತ್ತಿದ್ದ ಕುದುರೆಗಳು ಕೂಡ ಸಾಮಾನ್ಯವಾಗಿ ಒಡೆಯನವೇ. ಕೆಲಸಕ್ಕೆ ಸೇರಿದಾಗ ಅವನ ಪಾಲಿಗೆ ಕೆಲವು ಕುದುರೆಗಳನ್ನು ಗೊತ್ತುಮಾಡಿ ಕೊಡುತ್ತಿದ್ದರು. ಕೆಲಸ ಮುಗಿದ ದಿನ ಅವನ್ನು ಅಲ್ಲಿಯೇ ಬಿಟ್ಟು, ತನ್ನ ಜೀನನ್ನು ಹೊತ್ತುಕೊಂಡು ಅವನು ಬೇರೊಂದು ಕಡೆಗೆ ಹೊರಡುತ್ತಿದ್ದನು. 1880ರ ಸುಮಾರಿನಲ್ಲಿ ಅವನ ತಿಂಗಳ ಸಂಬಳ 30ರಿಂದ 40 ಡಾಲರು. ಒಳ್ಳೆಯ ಜೀನೊಂದಕ್ಕೆ ಅಷ್ಟೂ ಹಣ ಬೀಳುತ್ತಿತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ತನ್ನದೆಂದು ಹೇಳಿಕೊಳ್ಳಲು ಅವನಿಗಿದ್ದ ಆಸ್ತಿ ಅದೊಂದೇ. ಅಂಥ ಆಸ್ತಿಯ ಮೇಲೆ ಹೂಬಳ್ಳಿಗಳನ್ನು ಕೆತ್ತಿಸಬೇಕೆಂದು ಅವನಿಗೆ ತೋರಿದ್ದು ಆಶ್ಚರ್ಯವಲ್ಲ.

ಆ ಹೂಬಳ್ಳಿಯ ಕೆತ್ತನೆಗೆ ಇಪ್ಪತ್ತನೆಯ ಶತಮಾನದಲ್ಲಿ ಒಂದು ಹೊಸ ರೂಪವನ್ನು ಕೊಟ್ಟವರಲ್ಲಿ ಮುಖ್ಯನಾದವನು ವಯೋಮಿಂಗ್ ಸಂಸ್ಥಾನದ ಡಾನ್ ಕಿಂಗ್ ಎಂಬ ಜೀನಗಾರನು. ಆತನು 1923ರಲ್ಲಿ ಅದೇ ಸಂಸ್ಥಾನದ ಡಗ್ಲಸ್ ಎಂಬ ಊರಿನಲ್ಲಿ ಹುಟ್ಟಿ, 2007ರಲ್ಲಿ ತೀರಿಕೊಂಡನು. ಮೊದಲು ಅವನೂ ಜೀನು ಹೊತ್ತು ತಿರುಗಿದವರ ಪೈಕಿಯೇ. ಆದುದರಿಂದ ಅವನ ಕಥೆಗೆ ಮುನ್ನ ಆ ಜೀನಿನ ಕಥೆಯನ್ನು ತುಸು ಹೇಳಬೇಕು.

ದನ, ಕುದುರೆ, ಜೀನು ಈ ಮೂರೂ ಅಮೆರಿಕೆಗೆ ಹೊರಗಿನಿಂದ ಬಂದವು. ಹದಿನಾರನೆಯ ಶತಮಾನದ ಆದಿಯಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದು, ಅಲ್ಲಿನ ಬಯಲುಗಳಲ್ಲಿ ದನಗಳನ್ನು ಬಿಟ್ಟರು. ಸ್ಪೇನಿನವರ ತೊಗಲಿನ ಕೆಲಸವಾದರೋ ಅರಬ್ಬರ ಸಹವಾಸದಿಂದ ಬೆಳೆದದ್ದು. ಕ್ರಿ. ಶ. 711ರಲ್ಲಿ ಆಫ್ರಿಕಾದ ಕಡೆಯಿಂದ ಬಂದು ಆ ದೇಶವನ್ನು ಆಳಿದ ಮೂರ್ ಜನರ ಕಾಲದಲ್ಲಿ ಕಾರ್ಡೋಬಾ ನಗರದ ತೊಗಲು ಯೂರೋಪಿನಲ್ಲೆಲ್ಲ ಹೆಸರಾಗಿದ್ದಿತು. ಜೋಡು ಹೊಲಿಯುವವನಿಗೆ ಇಂಗ್ಲಿಷಿನಲ್ಲಿದ್ದ ಒಂದು ಹಳೆಯ ಹೆಸರು ಕೂಡ ಆ ನಗರದ ಹೆಸರಿನಿಂದಲೇ ಹುಟ್ಟಿದೆ. ಬಳ್ಳಿ ಬಳ್ಳಿಗೆ ಸುತ್ತಿ, ಎಲೆಯ ಮೇಲೆ ಎಲೆ ಹಬ್ಬಿ, ಬರಿದಾದ ಜಾಗವನ್ನೇ ಉಳಿಸದ ಅವರ ಅಲಂಕಾರಕ್ರಮವು ಸ್ಪೇನಿನವರ ಮೂಲಕ ಮೆಕ್ಸಿಕೋದ ಕುಶಲಿಗಳ ಕೈಗೆ ಬಂದಿತು. ಅಲ್ಲಿಯ ದನಗಾಹಿಗಳಾದ ವಕೇರೋಗಳು ದನವನ್ನು ಹಿಡಿಯಲು ಕುದುರೆಯ ಮೇಲಿಂದ ಹಗ್ಗದ ಉರುಳನ್ನು ಎಸೆಯುತ್ತಿದ್ದರು. ಉರುಳಿಗೆ ಸಿಕ್ಕಿದ ಗೂಳಿಯನ್ನು ಕೈಯಿಂದ ತಡೆಯುವುದಾಗುತ್ತದೆಯೇ? ಹಗ್ಗದ ತುದಿಯನ್ನು ಸುತ್ತುವುದಕ್ಕೆಂದು ಜೀನಿನ ಮುಂಭಾಗದಲ್ಲಿ ಒಂದು ಗಟ್ಟಿಯಾದ ಕೊಂಬು ಬೆಳೆಯಿತು. ಹೀಗೆ ಯುದ್ಧಕ್ಕಾಗಿ ಹುಟ್ಟಿದ ಆಸನವು ಕೆಲಸಗಾರನ ಉಪಕರಣವಾಗಿ ಮಾರ್ಪಟ್ಟಿತು. ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಇಂಗ್ಲಿಷ್ ನುಡಿಯ ಜನ ಇದನ್ನೆಲ್ಲ ವಕೇರೋಗಳಿಂದ ಕಲಿತರು. ಕಲಿಸಿದವರ ಹೆಸರನ್ನು ಮಾತ್ರ ಬಹುಬೇಗ ಮರೆತರು.

ಅಂತರ್ಯುದ್ಧವು 1865ರಲ್ಲಿ ಮುಗಿದ ಮೇಲೆ ಟೆಕ್ಸಸಿನ ದನಗಳನ್ನು ಮಂದೆಮಂದೆಯಾಗಿ ಉತ್ತರಕ್ಕೆ ಹೊಡೆದುಕೊಂಡು ಹೋಗುವುದು ಮೊದಲಾಯಿತು. ವಯೋಮಿಂಗಿನ ಬೇಲಿಯಿಲ್ಲದ ಹುಲ್ಲುಗಾವಲುಗಳಲ್ಲಿ ರಾಂಚುಗಳೆಂಬ ದೊಡ್ಡ ದೊಡ್ಡ ದನದ ಠಾಣ್ಯಗಳು ಎದ್ದವು; ಲಂಡನ್ನು ಎಡಿನ್‌ಬರೋಗಳ ಹಣವಂತರು ಕೂಡ ಇವುಗಳಲ್ಲಿ ಬಂಡವಾಳ ಹೂಡಿದರು. ಆ ವೈಭವಕ್ಕೆ ಆಯುಸ್ಸು ಅಲ್ಪ. 1874ರಲ್ಲಿ ಮುಳ್ಳುತಂತಿಗೆ ಹಕ್ಕುಪತ್ರ ಸಿಕ್ಕಿತು, ಬಯಲಿಗೆ ಬೇಲಿ ಬಿದ್ದಿತು. 1886-87ರ ಚಳಿಗಾಲದಲ್ಲಿ ಮಂಜಿನ ಕೆಳಗೆ ಹುಲ್ಲು ಸಿಕ್ಕದೆ ಅಸಂಖ್ಯಾತ ದನಗಳು ನಿಂತಲ್ಲಿಯೇ ಸತ್ತವು. ಅಲ್ಲಿಂದಾಚೆಗೆ ದನಗಾಹಿಯು ಬಯಲಿನ ವೀರನಾಗಿ ಉಳಿದದ್ದು ಕಥೆಗಳಲ್ಲಿ. ವಾಸ್ತವದಲ್ಲಿ ಅವನು ಬೇಲಿ ಕಟ್ಟುವ, ಹುಲ್ಲು ಕೊಯ್ದು ಒಟ್ಟುವ, ಕುದುರೆ ಪಳಗಿಸುವ, ಋತು ಕಳೆದೊಡನೆ ಕೆಲಸ ಕಳೆದುಕೊಳ್ಳುವ ಕೂಲಿಯಾಳಾದನು.

ಡಾನ್ ಕಿಂಗನ ತಂದೆ ಆರ್ಚೀ ಕಿಂಗನು ಇಂಥ ಒಬ್ಬ ಅಲೆಮಾರಿ ದನಗಾಹಿ. ಪಶ್ಚಿಮದ ಸಂಸ್ಥಾನಗಳಲ್ಲಿ ಎಲ್ಲೆಲ್ಲಿ ಕೆಲಸವುಂಟೋ ಅಲ್ಲಲ್ಲಿಗೆ ಅವನ ಪಯಣ. ಹುಡುಗನು ಅವನ ಬೆನ್ನ ಹಿಂದೆ. 1930ರ ದಶಕದ ಹಣದ ಮುಗ್ಗಟ್ಟು ದೇಶವನ್ನೆಲ್ಲ ಹಿಂಡುತ್ತಿದ್ದ ಕಾಲ ಅದು. ಇಂಥ ಬಾಳಿನಲ್ಲಿ ಬೆಳೆದ ಹುಡುಗನಿಗೆ ಶಾಲೆಯ ಪಾಠ ಕ್ರಮವಾಗಿ ದೊರೆಯದಿದ್ದರೂ ಬೇರೊಂದು ಪಾಠ ತಾನಾಗಿ ದೊರೆಯುತ್ತದೆ. ಯಾವ ಜೀನು ಕುದುರೆಯ ಬೆನ್ನನ್ನು ಹುಣ್ಣು ಮಾಡುತ್ತದೆ, ಯಾವುದು ದಿನವೆಲ್ಲ ಕೂತರೂ ಸವಾರನ ಸೊಂಟವನ್ನು ನೋಯಿಸುವುದಿಲ್ಲ, ಹಗ್ಗದ ಜಗ್ಗಿಗೆ ಮೊದಲು ಬಿಡುವ ಹೊಲಿಗೆ ಯಾವುದು, ಮಳೆ ಬಿಸಿಲುಗಳಿಗೆ ಮೊದಲು ಸೀಳುವ ಪಟ್ಟಿ ಯಾವುದು, ಇವನ್ನು ಪುಸ್ತಕದಿಂದ ಕಲಿಯುವ ಹಾಗಿಲ್ಲ. ರಾಂಚಿನಲ್ಲಿ ಕಿತ್ತುಹೋದ ಲಗಾಮನ್ನು ಹೊಲಿಯಲು ಪೇಟೆಗೆ ಓಡುವ ಪದ್ಧತಿಯೂ ಇಲ್ಲ. ತೊಗಲಿನ ಕೆಲಸದ ಮೊದಲ ಮೆಟ್ಟಿಲು ಅಲ್ಲಿಯ ಪ್ರತಿಯೊಬ್ಬ ಆಳಿಗೂ ತಿಳಿದಿರಲೇ ಬೇಕು.

ಆದರೆ ಹರಿದದ್ದನ್ನು ಹೊಲಿಯುವುದು ಒಂದು, ತೊಗಲಿನ ಮೇಲೆ ಹೂವನ್ನು ಅರಳಿಸುವುದು ಇನ್ನೊಂದು. ಹದಿಹರೆಯದಲ್ಲಿಯೇ ಡಾನ್ ಕಿಂಗನಿಗೆ ಈ ಎರಡನೆಯದರ ಹುಚ್ಚು ಹಿಡಿಯಿತು. ರಾಂಚಿನ ಕೆಲಸದ ನಡುವೆಯೇ ಅವನು ಕೆತ್ತನೆಯನ್ನು ಅಭ್ಯಾಸ ಮಾಡಿದನು. ಎರಡನೆಯ ಮಹಾಯುದ್ಧ ಬಂದಾಗ ಕರಾವಳಿ ರಕ್ಷಣದಳದಲ್ಲಿ ಸೇವೆ ಸಲ್ಲಿಸಿ, ಯುದ್ಧ ಮುಗಿದ ಮರುವರ್ಷ, ಎಂದರೆ 1946ರಲ್ಲಿ, ವಯೋಮಿಂಗಿನ ಉತ್ತರದ ಅಂಚಿನಲ್ಲಿರುವ ಶೆರಿಡನ್ ಎಂಬ ಊರಿಗೆ ಬಂದು ನೆಲೆನಿಂತನು.

ಶೆರಿಡನ್ ದೊಡ್ಡ ನಗರವೇನೂ ಅಲ್ಲ. ಬಿಗ್‌ಹಾರ್ನ್ ಪರ್ವತಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ಹಿಮದ ನೀರಿನ ತೊರೆಗಳ ನಡುವೆ, 1882ರಲ್ಲಿ ನಕ್ಷೆ ಬರೆದು ಕಟ್ಟಿದ ಊರು. ಅಂತರ್ಯುದ್ಧದ ದಳಪತಿಯೊಬ್ಬನ ಹೆಸರನ್ನು ಅದಕ್ಕೆ ಇಟ್ಟರು. 1892ರಲ್ಲಿ ರೈಲುದಾರಿ ಬಂದ ಮೇಲೆ ಅದು ಸುತ್ತಲಿನ ರಾಂಚುಗಳಿಗೆ ಪೇಟೆಯಾಯಿತು. ಪೇಟೆಯಿದ್ದ ಮೇಲೆ ಜೀನಗಾರರ ಅಂಗಡಿಗಳೂ ಇದ್ದವು. ಆಟೋ ಅರ್ನ್ಸ್ಟ್ ಎಂಬವನ ಅಂಗಡಿಯ ಜೀನುಗಳು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಆ ಸೀಮೆಯಲ್ಲಿ ಹೆಸರಾಗಿದ್ದವು. ಕಿಂಗನು ಇಲ್ಲಿ ರೂಡೀ ಮುಡ್ರಾ ಎಂಬ ಪ್ರವೀಣ ಜೀನಗಾರನ ಬಳಿ ಶಿಷ್ಯನಾಗಿ ಸೇರಿದನು.

ಇದು ಗಮನಿಸಬೇಕಾದ ಸಂಗತಿ. ಆ ವೇಳೆಗೆ ಅವನಿಗೆ ಇಪ್ಪತ್ತಮೂರರ ಹರೆಯ. ಹೂ ಕೆತ್ತುವ ಕೈ ಆಗಲೇ ತಕ್ಕಮಟ್ಟಿಗೆ ಪಳಗಿದ್ದಿತು. ಕವಚ, ನಡುಪಟ್ಟಿ, ಹಣದ ಚೀಲಗಳನ್ನು ಕೆತ್ತಿ ಮಾರಿದ್ದರೆ ಹೊಟ್ಟೆಗೆ ಸಾಲುತ್ತಿದ್ದಿತೋ ಏನೋ. ಆದರೂ ಅವನು ಮತ್ತೆ ಶಿಷ್ಯನಾದನು. ಏಕೆಂದರೆ ಜೀನಿನ ಮೇಲೆ ಕೆತ್ತುವವನಿಗೆ ಜೀನು ಕಟ್ಟುವ ವಿದ್ಯೆ ಗೊತ್ತಿಲ್ಲದಿದ್ದರೆ ಅವನ ಹೂವುಗಳು ಬಾಳುವುದಿಲ್ಲ. ಜೀನಿನ ಒಡಲು ಒಂದು ಮರದ ಚೌಕಟ್ಟು. ಅದಕ್ಕೆ ಹಸಿಯ ತೊಗಲನ್ನು ಬಿಗಿದು ಹೊಲಿದು ಒಣಗಿಸಿರುತ್ತಾರೆ. ಅದರ ಮೇಲೆ ಕಾಲು ಅಂಗುಲಕ್ಕೆ ತುಸು ಕಡಮೆ ದಪ್ಪವಿರುವ ಹದಮಾಡಿದ ತೊಗಲನ್ನು ನೆನೆಸಿ, ಎಳೆದು, ತಿದ್ದಿ, ಅಂಗಾಂಗಕ್ಕೆ ಹೊಂದಿಸಬೇಕು. ಕೆತ್ತನೆ ನಡೆಯುವುದು ತೊಗಲು ಸಮತಲವಾಗಿರುವಾಗ. ಅದು ಕಾಣಬೇಕಾದದ್ದು ಉಬ್ಬುತಗ್ಗುಗಳ ಮೇಲೆ ಎಳೆದು ಕೂರಿಸಿದ ಬಳಿಕ. ಹಿಂದಿನ ಒರಗಿನ ಬಾಗಿನಲ್ಲಿ ತೊಗಲು ಎಷ್ಟು ಹಿಗ್ಗುತ್ತದೆ, ಕೊಂಬಿನ ಬುಡದಲ್ಲಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಮೊದಲೇ ಬಲ್ಲವನು ಮಾತ್ರ ಹೂವನ್ನು ಸರಿಯಾದ ಸ್ಥಳದಲ್ಲಿ ಇಡಬಲ್ಲನು. ಅರಿಯದವನ ಗುಲಾಬಿ ಕಟ್ಟಿದ ಮೇಲೆ ಸೊಟ್ಟಮೋರೆಯಾಗುತ್ತದೆ.

ಕೆತ್ತನೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ತಪ್ಪಾಗಲಾರದು. ಶಿಲ್ಪವೆಂದರೆ ಕಲ್ಲು ಮರ ದಂತಗಳನ್ನೇ ನೆನೆಯುವವರಿಗೆ ತೊಗಲಿನ ಶಿಲ್ಪವು ಅಪೂರ್ವವಾಗಿ ತೋರಬಹುದು. ಇದಕ್ಕೆ ಮರದ ಚಕ್ಕೆಯ ಒಗರಿನಿಂದ ಹದಮಾಡಿದ ತೊಗಲೇ ಆಗಬೇಕು. ನಮ್ಮ ಕಡೆ ತಂಗಡಿಯ ಚಕ್ಕೆಯಿಂದ ಹದಮಾಡುತ್ತಿದ್ದಂತೆ ಅಲ್ಲಿ ಓಕ್ ಮುಂತಾದ ಮರಗಳ ಚಕ್ಕೆಯನ್ನು ಬಳಸುತ್ತಿದ್ದರು. ಕ್ರೋಮ್ ಲವಣಗಳಿಂದ ಹದಮಾಡಿದ ತೊಗಲು ಮೆತ್ತಗಿದ್ದರೂ ಅಚ್ಚನ್ನು ಹಿಡಿದು ನಿಲ್ಲಿಸಿಕೊಳ್ಳುವುದಿಲ್ಲ. ತೊಗಲನ್ನು ನೀರಿನಿಂದ ತೇವಮಾಡಿ, ಅದರ ಮೂಲದ ಬಣ್ಣ ಮರಳಿ ಬರತೊಡಗುವವರೆಗೂ ಕಾಯಬೇಕು. ಮೇಲೆ ಒಣಗಿದಂತೆ ಕಂಡು, ಕೆನ್ನೆಗೆ ಮುಟ್ಟಿಸಿದರೆ ಇನ್ನೂ ತಣ್ಣಗಿರುವುದೇ ಸರಿಯಾದ ಹದ. ಹೆಚ್ಚು ಒದ್ದೆಯಾಗಿದ್ದರೆ ಗೆರೆ ಕದಡುತ್ತದೆ; ಹೆಚ್ಚು ಒಣಗಿದರೆ ಕತ್ತಿ ಸಾಗುವುದಿಲ್ಲ. ಇಡೀ ವಿದ್ಯೆಯಲ್ಲಿ ಅರ್ಧ ಈ ಹದದಲ್ಲಿಯೇ ಇದೆ ಎಂದರೆ ಅತಿಶಯೋಕ್ತಿಯಲ್ಲ.

ಆ ಬಳಿಕ ತಿರುಗುಹಿಡಿಯ ಪುಟ್ಟ ಕತ್ತಿಯಿಂದ ಚಿತ್ರದ ಗೆರೆಗಳನ್ನು ಕೊರೆಯುತ್ತಾರೆ. ತೋರುಬೆರಳು ಕತ್ತಿಯ ನೆತ್ತಿಯನ್ನು ಅದುಮಿದ್ದರೆ, ಹೆಬ್ಬೆರಳೂ ನಡುಬೆರಳೂ ಅದರ ದಂಡವನ್ನು ತಿರುಗಿಸುತ್ತವೆ. ಹೀಗಾಗಿ ಕೈ ತಡವರಿಸದೆ ಬಳ್ಳಿಯಂತೆ ಬಳುಕಿ ಹೋಗಲು ಸಾಧ್ಯವಾಗುತ್ತದೆ. ಈ ಗೆರೆ ತೊಗಲಿನ ದಪ್ಪದ ಒಂದು ಪಾಲನ್ನು ಮಾತ್ರ ಸೀಳಬೇಕು. ಆಮೇಲೆ ಕಲ್ಲಿನ ಹಾಸಿನ ಮೇಲೆ ತೊಗಲನ್ನಿಟ್ಟು ಉಕ್ಕಿನ ಅಚ್ಚುಗಳನ್ನು ಕೊಡತಿಯಿಂದ ಬಡಿಯುವ ಕೆಲಸ. ಗೆರೆಯ ಒಂದು ಮಗ್ಗುಲನ್ನು ತಗ್ಗಿಸುವುದಕ್ಕೆ ಒಂದು ಅಚ್ಚು, ದಳದ ಒಡಲನ್ನು ಗುಂಡಗೆ ಒತ್ತುವುದಕ್ಕೆ ಇನ್ನೊಂದು, ಎಲೆಯ ನರಗಳಿಗೆ ಮತ್ತೊಂದು, ಹೂವಿನ ನಡುವಣ ಕೇಸರಕ್ಕೆ ಬೊಟ್ಟಿನಂಥದು ಬೇರೊಂದು. ಹೂವೆಲೆಗಳ ನಡುವೆ ಉಳಿದ ನೆಲವನ್ನು ಹೊಂಡಹೊಂಡವಾಗಿ ತಗ್ಗಿಸುವ ಸಣ್ಣ ಅಚ್ಚುಗಳು ಬೇರೆ. ಕೊನೆಯಲ್ಲಿ ಮತ್ತೆ ಕತ್ತಿಯನ್ನು ಹಿಡಿದು ದಳಗಳ ಮೇಲೆ, ಎಲೆಗಳ ಮೇಲೆ, ಒಂದೊಂದೇ ಬೀಸಿನಲ್ಲಿ ಸೂಕ್ಷ್ಮವಾದ ಸೀಳುಗಳನ್ನು ಎಳೆಯುತ್ತಾರೆ. ಇವು ತುದಿಯಲ್ಲಿ ಅಗಲವಾಗಿ ಹುಟ್ಟಿ ಕೂದಲೆಳೆಯಾಗಿ ಮುಗಿಯಬೇಕು. ತೊಗಲಿಗೆ ಒಮ್ಮೆ ಬಿದ್ದ ಗಾಯ ಮಾಯುವುದಿಲ್ಲವಾದುದರಿಂದ ತಿದ್ದುಪಡಿಯ ಮಾತೇ ಇಲ್ಲ. ಅನೇಕ ದಿನಗಳ ಶ್ರಮವನ್ನು ಒಂದು ಎಳೆತ ಕೆಡಿಸಿಬಿಡಬಲ್ಲುದು.

ಕಿಂಗನ ಕಾಲಕ್ಕೆ ಮುನ್ನ ಪಶ್ಚಿಮದ ಜೀನುಗಳಲ್ಲಿ ಹೂಗಳು ಇರಲಿಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದವರದು ಒಂದು ರೀತಿ, ವಯೋಮಿಂಗಿನ ರಾಜಧಾನಿ ಶೈಯೆನ್ನಿನ ಮೀನಿಯ, ಕಾಲಿನ್ಸ್ ಮೊದಲಾದವರ ಅಂಗಡಿಗಳದು ಇನ್ನೊಂದು. ಹಳೆಯ ಹೂಗಳು ಸಾಮಾನ್ಯವಾಗಿ ದೊಡ್ಡವು. ಒಂದು ಹೂ, ಎರಡು ಎಲೆ, ಸುತ್ತಲೂ ಧಾರಾಳವಾದ ಬಯಲು. ಶೆರಿಡನ್ನಿನಲ್ಲಿ ರೂಪುಗೊಂಡ ರೀತಿ ಇದಕ್ಕಿಂತ ಬೇರೆ. ಅಲ್ಲಿ ಹೂವು ಚಿಕ್ಕದು. ಬಿಗ್‌ಹಾರ್ನ್ ತಪ್ಪಲಿನ ತೊರೆಗಳ ದಡದಲ್ಲಿ ಬೇಸಗೆಯಲ್ಲಿ ಅರಳುವ ಐದು ದಳದ ಕಾಡುಗುಲಾಬಿಯೇ ಅದರ ಮಾದರಿ. ತೋಟದ ಗುಲಾಬಿಯ ಠೀವಿ ಅದಕ್ಕಿಲ್ಲ. ಆ ಹೂವನ್ನು ಹೊತ್ತ ಬಳ್ಳಿ ಒಂದು ವೃತ್ತವಾಗಿ ಸುತ್ತಿ, ತುದಿಗೆ ಬರುವ ಮುನ್ನವೇ ಪಕ್ಕದ ವೃತ್ತವನ್ನು ಹೊಕ್ಕು, ಅದು ಮತ್ತೊಂದನ್ನು ಹೊಕ್ಕು, ಸುಳಿಸುಳಿಯಾಗಿ ಸಾಗುತ್ತದೆ. ಎಲೆಗಳೆಲ್ಲವೂ ಬಳ್ಳಿ ಹರಿದ ದಿಕ್ಕಿಗೇ ಒಲೆದಿರುತ್ತವೆ. ನೋಡುವವನ ಕಣ್ಣು ಎಲ್ಲಿಯೂ ತಡೆದು ನಿಲ್ಲದೆ ಜೀನಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಿದುಹೋಗುತ್ತದೆ. ಜೀನಿನ ಅಂಗಗಳಲ್ಲಿ ನೇರವಾದ ರೇಖೆಯೆಂಬುದೇ ಅಪರೂಪ. ಎಲ್ಲವೂ ಬಾಗು, ಎಲ್ಲವೂ ಇಳಿಜಾರು. ಈ ಬಾಗುಗಳಿಗೆ ವೃತ್ತದ ಬಳ್ಳಿಯಷ್ಟು ಒಪ್ಪುವ ಅಲಂಕಾರ ಬೇರೊಂದು ತೋರದು. ಅರಬ್ಬರಿಂದ ಬಂದ ಹಳೆಯ ಬೇರು ಇಲ್ಲಿ ಮತ್ತೆ ಚಿಗುರಿತೆಂದು ಹೇಳಲು ಆಸೆಯಾಗುತ್ತದೆ. ಆದರೆ ಕಿಂಗನ ಕಣ್ಣ ಮುಂದಿದ್ದುದು ಕಾರ್ಡೋಬಾ ಅಲ್ಲ, ತೊರೆಯ ದಡದ ಪೊದೆ.

ಈ ರೀತಿಯನ್ನು ಅವನೊಬ್ಬನೇ ಸೃಷ್ಟಿಸಿದನೆಂದು ಹೇಳುವುದು ನ್ಯಾಯವಾಗದು. ಬಿಲ್ ಗಾರ್ಡ್ನರ್, ಚೆಸ್ಟರ್ ಹೇಪ್ ಮೊದಲಾದ ಶೆರಿಡನ್ನಿನ ಇತರ ಕುಶಲಿಗಳ ಕೈಗಳೂ ಇದರಲ್ಲಿ ಕೂಡಿವೆ. ಒಂದೇ ಊರಿನಲ್ಲಿ ಹಲವು ನುರಿತ ಕೈಗಳು ಒಬ್ಬರ ಕೆಲಸವನ್ನೊಬ್ಬರು ನೋಡುತ್ತ, ಮೆಚ್ಚುತ್ತ, ಮೀರಿಸಲು ಹೆಣಗುತ್ತ ಬಂದುದರಿಂದಲೇ ಊರಿನ ಹೆಸರು ರೀತಿಗೆ ಅಂಟಿಕೊಂಡಿತು. ಆದರೂ ಅದರ ಮೂಲಪುರುಷನು ಯಾರೆಂದು ಕೇಳಿದರೆ ತೊಗಲಿನ ಕೆಲಸದವರು ಮೊದಲು ಹೇಳುವುದು ಡಾನ್ ಕಿಂಗನ ಹೆಸರನ್ನೇ.

ಹೆಸರು ಬಂದಿತು, ಆದರೆ ಅನ್ನ? ಜೀನೊಂದರ ಮೈಯೆಲ್ಲ ಹೂ ತುಂಬಿಸಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನಗಳ ಕೂಲಿಯನ್ನು ಲೆಕ್ಕಹಾಕಿ ಬೆಲೆಯಿಟ್ಟರೆ, ಆ ಜೀನನ್ನು ಕೊಳ್ಳುವ ಶಕ್ತಿ ದನಗಾಹಿಗೆ ಇರುವುದಿಲ್ಲ; ದನಗಾಹಿಯ ಕೈಗೆ ಎಟುಕುವ ಬೆಲೆಯಿಟ್ಟರೆ ಕೆತ್ತಿದವನ ಮನೆಯ ಒಲೆ ಉರಿಯುವುದಿಲ್ಲ. ಕೈಕಸಬಿನವರಿಗೆ ಎಲ್ಲ ದೇಶಗಳಲ್ಲಿಯೂ ಎದುರಾದ ಸಮಸ್ಯೆ ಇದು. ನಮ್ಮಲ್ಲಿ ಕೂಡ ಜೀನಗಾರರೆಂಬ ಹೆಸರು ಉಳಿದುಬಂದರೂ ಆ ಹೆಸರಿನ ಎಷ್ಟೋ ಮನೆತನಗಳು ಜೀನನ್ನು ಬಿಟ್ಟು ಬಣ್ಣದ ಗೊಂಬೆಗಳ ಕೆಲಸವನ್ನು ಹಿಡಿದುವು. ಗೋಕಾವಿಯ ಗೊಂಬೆಗಳನ್ನು ಕಂಡವರಿಗೆ ಇದು ಗೊತ್ತು. ಕಿಂಗನಿಗೆ ದಾರಿ ತೋರಿದ್ದು ಹೂವಲ್ಲ, ಹಗ್ಗ. 1960ರ ದಶಕದಲ್ಲಿ ಶೆರಿಡನ್ನಿನ ಮುಖ್ಯ ಬೀದಿಯಲ್ಲಿ ಆತನು ತನ್ನ ಗಂಡುಮಕ್ಕಳೊಡನೆ ನಡೆಸಿದ ಅಂಗಡಿಯಲ್ಲಿ ಜೀನು ಲಗಾಮುಗಳ ಜೊತೆಗೆ ದನ ಹಿಡಿಯುವ ಉರುಳುಹಗ್ಗಗಳ ವ್ಯಾಪಾರವೂ ಬೆಳೆಯಿತು. ಅಷ್ಟರಲ್ಲಿ ಹಳೆಯ ನಾರಿನ ಹಗ್ಗಗಳ ಸ್ಥಾನಕ್ಕೆ ನೈಲಾನಿನ ಹಗ್ಗಗಳು ಬಂದಿದ್ದವು. ಕಾರ್ಖಾನೆಯಿಂದ ಬಂದ ಹಗ್ಗವು ಹಾಗೆಯೇ ಉಪಯೋಗಕ್ಕೆ ಬಾರದು. ಅದನ್ನು ಬಿಗಿದೆಳೆದು, ಅದರ ಬಿರುಸನ್ನು ಸವಾರನ ಕೈಗೆ ತಕ್ಕಂತೆ ಹೊಂದಿಸಿ, ತುದಿಗೆ ಉರುಳಿನ ಕುಣಿಕೆಯನ್ನು ಕಟ್ಟಬೇಕು. ಹಗ್ಗ ಎಸೆದು ಬಲ್ಲವನೇ ಇದನ್ನು ಮಾಡಬಲ್ಲನು. ಹೀಗೆ ತಂದೆಯ ಬೆನ್ನ ಹಿಂದೆ ರಾಂಚಿನಿಂದ ರಾಂಚಿಗೆ ಅಲೆದ ದಿನಗಳ ತಿಳಿವಳಿಕೆ ಅಂಗಡಿಗೆ ಬಂಡವಾಳವಾಯಿತು. ಹಗ್ಗಕ್ಕೆ ಗಿರಾಕಿಗಳು ದೂರದೂರದಿಂದ ಬಂದರು. ಆ ಅಂಗಡಿಯ ಹೆಸರನ್ನು ಹೊತ್ತ ಟೊಪ್ಪಿಗೆಗಳು ಹಗ್ಗವನ್ನೇ ಕಾಣದವರ ತಲೆಯನ್ನೂ ಏರಿದುವು. ಜಗತ್ತು ಅವನ ಮನೆಯ ಹೆಸರನ್ನು ತಿಳಿದದ್ದು ಗುಲಾಬಿಗಿಂತ ಹೆಚ್ಚಾಗಿ ಹಗ್ಗದ ಮೂಲಕ. ಇದರಲ್ಲಿ ವಿಷಾದಪಡುವಂಥದೇನೂ ಇಲ್ಲ. ಹಗ್ಗವು ಮನೆಯನ್ನು ಸಾಕಿದ್ದರಿಂದ ಹೂವಿಗೆ ಅವಸರವಿಲ್ಲದ ಕೈ ದೊರೆಯಿತು.

ರಾಂಚಿನ ಕೆಲಸಗಳೇ ಪಂದ್ಯಗಳಾಗಿ ಮಾರ್ಪಟ್ಟ ರೋಡಿಯೋ ಎಂಬ ಕ್ರೀಡೆಯಿಂದಲೂ ಅವನ ಕೆತ್ತನೆಗೆ ಆಶ್ರಯ ಒದಗಿತು. ಅದರಲ್ಲಿ ಗೆದ್ದವನಿಗೆ ಬಹುಮಾನವಾಗಿ ಜೀನನ್ನು ಕೊಡುವುದು ಸಂಪ್ರದಾಯ. ರೋಡಿಯೋ ಸವಾರರ ಸಂಘವು ತನ್ನ ವಿಜೇತರಿಗೆ ಕೊಡುವ ಜೀನುಗಳನ್ನು ಕೆಲವು ವರ್ಷಗಳ ಕಾಲ ಕಿಂಗನಿಂದ ಮಾಡಿಸಿತು. ಇಂಥ ಜೀನನ್ನು ಗೆದ್ದವನು ಅದನ್ನು ಕುದುರೆಯ ಬೆನ್ನಿಗೆ ಹಾಕುವುದೂ ಉಂಟು, ಹಾಕದೆ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿ ಬಂದವರಿಗೆ ತೋರಿಸುವುದೂ ಉಂಟು. ಉಪಕರಣವು ಕಲಾವಸ್ತುವಾಗುವ ಗಳಿಗೆ ಇದೇ. 1984ರಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಆ ಸೀಮೆಯ ಸ್ನೇಹಿತರ ರಾಂಚಿಗೆ ಬಂದಿದ್ದಾಗ ಶೆರಿಡನ್ ಊರಿಗೂ ಭೇಟಿ ಕೊಟ್ಟಳು. 1991ರಲ್ಲಿ ಅಮೆರಿಕಾ ಸರ್ಕಾರದ ಕಲಾನಿಧಿಯು ಪಾರಂಪರಿಕ ಕಲಾವಿದರಿಗೆ 1982ರಿಂದ ಸಲ್ಲಿಸುತ್ತ ಬಂದಿರುವ ರಾಷ್ಟ್ರೀಯ ಗೌರವವನ್ನು ಡಾನ್ ಕಿಂಗನಿಗೆ ಅರ್ಪಿಸಿತು. ಅಲೆಮಾರಿ ದನಗಾಹಿಯ ಮಗನಿಗೆ ಇದು ಸಣ್ಣ ಮಾತಲ್ಲ.

ಅವನು ವಿದ್ಯೆಯನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಹಳೆಯ ಅಂಗಡಿಗಳಲ್ಲಿ ಕೆತ್ತನೆಗಾರರು ಅಪರಿಚಿತರು ಬಂದರೆ ಕೆಲಸದ ಮೇಲೆ ಬಟ್ಟೆ ಮುಚ್ಚುತ್ತಿದ್ದುದುಂಟು. ಕಿಂಗನ ಅಂಗಡಿಯಲ್ಲಿ ಕೆಲಸ ಕಲಿತವರು ಹಲವರು, ಅವರಿಂದ ಕಲಿತವರು ಇನ್ನೂ ಹಲವರು. ಈ ಶೆರಿಡನ್ ರೀತಿಯನ್ನು ಇಂದು ಅತ್ಯಂತ ಶ್ರದ್ಧೆಯಿಂದ ಸಾಧಿಸುವವರಲ್ಲಿ ಜಪಾನಿನ ಕುಶಲಿಗಳೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ದನದ ಮಂದೆಯನ್ನು ಕಾದವರಲ್ಲ. ಅವರು ಕೆತ್ತುವುದೂ ಹೆಚ್ಚಾಗಿ ನಡುಪಟ್ಟಿ ಹಣದ ಚೀಲಗಳ ಮೇಲೆಯೇ. ರಾಂಚನ್ನು ಬಿಟ್ಟು ಬಂದ ಗುಲಾಬಿ ಎಷ್ಟು ದಿನ ಜೀವಂತವಾಗಿ ಉಳಿದೀತೆಂದು ಹಳಬರು ಕೆಲವರು ಸಂದೇಹಪಡುವುದು ಸಹಜ. ಆದರೆ ಅವರ ಕತ್ತಿಯ ಗೆರೆ ಅಷ್ಟು ಶುದ್ಧವಾಗಿರುವಾಗ ಆ ಸಂದೇಹವನ್ನು ಗಟ್ಟಿಯಾಗಿ ಆಡುವುದು ಕಷ್ಟ.

ಶೆರಿಡನ್ನಿನ ಆ ಅಂಗಡಿಯ ಹಿಂಭಾಗದಲ್ಲಿ ಕಿಂಗನು ತನ್ನ ಜೀವಮಾನದಲ್ಲಿ ಕೂಡಿಟ್ಟ ವಸ್ತುಗಳ ಸಂಗ್ರಹಾಲಯವೊಂದಿದೆ. ಅದರ ಗೋಡೆಗಳ ಉದ್ದಕ್ಕೂ ನೂರಾರು ಜೀನುಗಳು ಸಾಲಾಗಿ ನಿಂತಿವೆ. ಕೆಲವಕ್ಕೆ ಪ್ರಸಿದ್ಧವಾದ ಅಂಗಡಿಗಳ ಮುದ್ರೆಯುಂಟು. ಮಿಕ್ಕವುಗಳಲ್ಲಿ ಸವಾರನ ತೊಡೆ ಸವೆಸಿದ ಗುರುತೂ, ಕೊಂಬಿನ ಮೇಲೆ ಹಗ್ಗ ಕೊರೆದ ಜಾಡೂ ಉಳಿದಿವೆ. ಕಿಂಗನ ಮನೆತನದ ಮುಂದಿನ ತಲೆಯವರು ಉಕ್ಕಿನ ಕಡ್ಡಿಗಳನ್ನು ಅರದಿಂದ ಉಜ್ಜಿ ಕೆತ್ತನೆಯ ಅಚ್ಚುಗಳನ್ನು ಮಾಡುತ್ತಾರೆ. ಕೇಸರದ ಬೊಟ್ಟಿಗೆ ಒಂದು, ದಳದ ಉಬ್ಬಿಗೆ ಒಂದು. ಆ ಅಚ್ಚುಗಳು ಅಲ್ಲಿಂದ ಹೊರಟು, ಕಾಡುಗುಲಾಬಿಯನ್ನು ತೊರೆಯ ದಡದಲ್ಲಿ ಎಂದೂ ಕಂಡಿರದವರ ಕೈಗಳನ್ನು ಸೇರುತ್ತಿವೆ.